ನಾನು ಕಿತ್ತುಹಾಕಿದ ಸೋಮವಾರ

ಒಂದು ಸೋಮವಾರವನ್ನು ನಾನು ಈ ಭೂಮಂಡಲದಿಂದಲೇ ಕಿತ್ತುಹಾಕಿದ್ದೇನೆ. ನಗಬೇಡಿ. ಆ ವಾರ ಭಾನುವಾರ ಮುಗಿದ ಮೇಲೆ ಸೂರ್ಯ ಹುಟ್ಟಲೋ ಬೇಡವೋ ಎಂದು ನೀರಿನ ಟ್ಯಾಂಕಿನ ಹಿಂದೆ ನಿಂತು ನನ್ನ ಅಪ್ಪಣೆಗೆ ಕಾದಿದ್ದ. "ಸೋಮವಾರ ಆಗಿ ಬರಬೇಡ, ಬೇಕಾದರೆ ಇನ್ನೊಂದು ಭಾನುವಾರ ಆಗಿ ಬಾ" ಎಂದೆ. ತಲೆ ತಗ್ಗಿಸಿಕೊಂಡು ಹಾಗೆಯೇ ಬಂದ. ಸಾಕ್ಷಿ ಬೇಕಿದ್ದವರು ನಮ್ಮ ಮನೆಯ ಕ್ಯಾಲೆಂಡರ್ ನೋಡಬಹುದು. ಆ ಜಾಗದಲ್ಲಿ ಈಗಲೂ ಒಂದು ಚೌಕಾಕಾರದ ತೂತಿದೆ.

ಇಂಥ ಪರಾಕ್ರಮಿ ಹೊಟ್ಟೆಪಾಡಿಗೆ ಏನು ಮಾಡುತ್ತಾನೆ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ದೊಡ್ಡಾಸ್ಪತ್ರೆಯ ಹಿಂಬದಿಗೆ ಬನ್ನಿ. ಬಟ್ಟೆ ಒಗೆಯುವ ಕೋಣೆ ದಾಟಿ, ಮುರಿದ ಮಂಚಗಳ ರಾಶಿ ದಾಟಿ, ಎಡಕ್ಕೆ ತಿರುಗಿದರೆ ಮರಣೋತ್ತರ ಪರೀಕ್ಷೆಯ ವಿಭಾಗ. ಅದರ ದಾಖಲೆ ಕೋಣೆಯ ಗುಮಾಸ್ತ ನಾನು, ಇಪ್ಪತ್ತೊಂಬತ್ತು ವರ್ಷಗಳಿಂದ. ಹದಿನಾಲ್ಕು ಕಬ್ಬಿಣದ ಕಪಾಟು, ಒಂದು ಏಣಿ, ಒಂದು ಫ್ಯಾನು. ಫ್ಯಾನು ಹಾಕಿದರೆ ಕಾಗದ ಹಾರುತ್ತದೆ, ಆರಿಸಿದರೆ ನಾನು ಬೆಂದುಹೋಗುತ್ತೇನೆ. ನನ್ನ ಕೋಣೆಯಿಂದ ಇವತ್ತಿನವರೆಗೆ ಒಂದು ಫೈಲೂ ಕಳೆದಿಲ್ಲ. ಬೇರೆ ವಿಭಾಗಗಳಲ್ಲಿ ಕಳೆದುಹೋದ ಫೈಲುಗಳು ಕೂಡ ತಾವಾಗಿಯೇ ನಡೆದುಕೊಂಡು ಬಂದು ನನ್ನ ಕಪಾಟಿನಲ್ಲಿ ಮಲಗಿಕೊಳ್ಳುತ್ತವೆ. ಫೈಲು ಬಿಚ್ಚಬೇಕಾಗಿಯೇ ಇಲ್ಲ, ಅದರ ಬೆನ್ನ ಮೇಲೆ ಬೆರಳಾಡಿಸಿ ಒಳಗೇನಿದೆ ಎಂದು ಹೇಳಬಲ್ಲೆ. ಈ ಕೊನೆಯ ಮಾತನ್ನು ನೀವು ಸ್ವಲ್ಪ ಜ್ಞಾಪಕದಲ್ಲಿಡಿ. ನಾನಂತೂ ಮರೆಯಲು ಪ್ರಯತ್ನಪಡುತ್ತಿದ್ದೇನೆ.

ಮೂರು ತಿಂಗಳ ಹಿಂದೆ ನನ್ನ ಕೋಣೆಗೆ ಒಬ್ಬ ಡಾಕ್ಟರಮ್ಮ ಬಂದರು. ನನ್ನ ಮಗಳ ವಯಸ್ಸು. ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಅದನ್ನು ಮರೆತು, "ಪೆನ್ಸಿಲ್ ಇದೆಯಾ?" ಎಂದು ಕೇಳುವ ಜಾತಿ. ಸಂಜೆಯ ಹೊತ್ತಿಗೆ ಅವರ ತಲೆಯಲ್ಲಿ ನಾಲ್ಕೈದು ಪೆನ್ಸಿಲ್ ಸೇರಿರುತ್ತಿದ್ದವು. ಎಲ್ಲವೂ ನನ್ನವೇ.

"ಹತ್ತು ವರ್ಷದಲ್ಲಿ ಬಸುರಿನಲ್ಲೋ ಹೆರಿಗೆಯಲ್ಲೋ ಬಾಣಂತನದಲ್ಲೋ ತೀರಿಕೊಂಡ ತಾಯಂದಿರ ವರದಿ ಎಲ್ಲಾ ಬೇಕು ಗುಮಾಸ್ತರೇ" ಎಂದರು. "ಒಂದೊಂದೇ ಸಾವು ನೋಡಿದ್ರೆ ಹಣೆಬರಹ ಅನ್ಸುತ್ತೆ. ಎಲ್ಲಾನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಕಾರಣ ಕಾಣುತ್ತೆ. ಕಾರಣ ಕಂಡ್ರೆ ಮುಂದಿನೋಳನ್ನ ಉಳಿಸ್ಬೋದು."

ಆ ಮುಂದಿನವಳು ಯಾರು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಒಬ್ಬಳೇ ಮಗಳು. ಆಗ ಅವಳು ಎಂಟು ತಿಂಗಳ ಬಸುರಿ. ಲಾರಿ ಓಡಿಸುವ ಗಂಡ ದೂರದ ದಾರಿ ಹಿಡಿದಿದ್ದರಿಂದ ನಮ್ಮ ಮನೆಯಲ್ಲೇ ಇದ್ದಳು. ಬಸ್ ನಿಲ್ದಾಣದಲ್ಲಿ ಬಸ್ಸುಗಳು ಬಂದ ಹೊತ್ತು, ಹೋದ ಹೊತ್ತು ಬರೆಯುವ ಟೈಂ ಕೀಪರ್ ಕೆಲಸ ಅವಳದು. ಮೈಯಲ್ಲಿ ರಕ್ತ ಕಡಿಮೆ ಇದೆ ಎಂದು ತಪಾಸಣೆಯಲ್ಲಿ ಹೇಳಿದ್ದರು. "ನೋವು ಶುರುವಾದ ಕೂಡ್ಲೇ ಬಂದುಬಿಡಿ, ಒಂದು ನಿಮಿಷಾನೂ ಕಾಯಬೇಡಿ" ಎಂದು ಅವಳ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದೂ ಕೊಟ್ಟಿದ್ದರು.

ಹಾಗಾಗಿ ನಾನು ಡಾಕ್ಟರಮ್ಮನ ಕೆಲಸಕ್ಕೆ ಟೊಂಕ ಕಟ್ಟಿ ನಿಂತೆ. ನೂರ ನಲವತ್ತಮೂರು ಫೈಲು ತೆಗೆದುಕೊಟ್ಟೆ. ಏಣಿ ಹತ್ತಲಿಲ್ಲ, ಹೆಸರು ಕೂಗಿದೆ, ಅವೇ ಇಳಿದು ಬಂದವು. ಅವರು ಒಬ್ಬೊಬ್ಬ ತಾಯಿಗೂ ಒಂದು ಹಳದಿ ಹಾಳೆ ಮಾಡಿದ್ದರು. ಸತ್ತ ದಿನ, ಕಾರಣ, ಆಮೇಲೆ ಮೂರು ಚೌಕ: ಮನೆಯಲ್ಲಿ ತಡ, ದಾರಿಯಲ್ಲಿ ತಡ, ಆಸ್ಪತ್ರೆಯಲ್ಲಿ ತಡ. ಕಾರಣವನ್ನೂ ತಡವನ್ನೂ ಅವರೇ ಓದಿ ತುಂಬುವುದು. ನನಗೆ ಕೊಟ್ಟದ್ದು ಒಂದೇ ಕೆಲಸ, ಪ್ರತಿ ಫೈಲು ಬಿಚ್ಚಿ, ಎರಡನೇ ಪುಟದಿಂದ ಸತ್ತ ದಿನವನ್ನು ಬರೆದುಕೊಡುವುದು.

"ಹದಿನೈದು ದಿನ ತಗೊಳ್ಳಿ" ಎಂದರು.

"ಹದಿನೈದು ದಿನ ನಿಮ್ಮಂಥೋರಿಗೆ ಡಾಕ್ಟರಮ್ಮ" ಎಂದೆ. "ನಂಗೆ ಒಂದು ಕಾಫಿ ಹೊತ್ತು ಸಾಕು."

ಕಾಫಿ ಆರುವ ಮೊದಲೇ ಮುಗಿಸಿದೆ. ಅಷ್ಟು ದಿನಾಂಕಗಳನ್ನೂ ಮುತ್ತು ಪೋಣಿಸಿದ ಹಾಗೆ ಬರೆದು, ಯಾವ ವಾರ ಎಷ್ಟು ಎಂದು ಗೀಟು ಹಾಕಿ ಎಣಿಸಿಯೂ ಬಿಟ್ಟೆ. ಎಣಿಸಿದವನು ಕುರ್ಚಿಯಿಂದ ಒಂದು ಅಡಿ ಮೇಲೆ ಹಾರಿದೆ. ನಿಜ ಹೇಳಬೇಕೆಂದರೆ ಮೂರು ಅಡಿ. ಮಂಗಳವಾರದಿಂದ ಶನಿವಾರದವರೆಗೆ ದಿನಕ್ಕೆ ಸುಮಾರು ಇಪ್ಪತ್ತು. ಸೋಮವಾರ ನಲವತ್ತೊಂದು! ಭಾನುವಾರ ಸೊನ್ನೆ! ಹತ್ತು ವರ್ಷದಲ್ಲಿ ಭಾನುವಾರ ಒಬ್ಬಳೇ ಒಬ್ಬ ತಾಯಿ ಸತ್ತಿಲ್ಲ!

"ಡಾಕ್ಟರಮ್ಮ, ಸಿಕ್ತು! ಸೋಮವಾರ ಕೊಲ್ಲುತ್ತೆ, ಭಾನುವಾರ ಕಾಯುತ್ತೆ!"

ಅವರು ಹಾಳೆ ನೋಡಿದರು. ತಲೆಯಿಂದ ಒಂದು ಪೆನ್ಸಿಲ್ ತೆಗೆದು ಸೊನ್ನೆಯ ಸುತ್ತ ಒಂದು ಸುತ್ತು ಹಾಕಿದರು. "ಸೊನ್ನೆ ಕಂಡ್ರೆ ಖುಷಿಗಿಂತ ಮೊದಲು ಅನುಮಾನ ಬರ್ಬೇಕು ಗುಮಾಸ್ತರೇ. ನಾನು ಇನ್ನೊಂದ್ಸಲ ನೋಡ್ತೀನಿ. ಅಲ್ಲೀವರೆಗೆ ಯಾರಿಗೂ ಹೇಳ್ಬೇಡಿ."

ನಾನು ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಹೇಳಿದೆ, ಅವಳು ಲೆಕ್ಕಕ್ಕಿಲ್ಲ. ಎದುರು ಮನೆಯ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಹೇಳಿದೆ, ಅವರಿಗೆ ಕಿವಿ ಮಂದ, ಅದಕ್ಕೇ ಸ್ವಲ್ಪ ಜೋರಾಗಿ ಹೇಳಬೇಕಾಯಿತು. ಅಷ್ಟಕ್ಕೇ ಬೀದಿಯ ಹನ್ನೆರಡು ಮನೆಯವರು ಬಾಗಿಲಿಗೆ ಬಂದರೆ ಅದು ನನ್ನ ತಪ್ಪೇ? ಕ್ಷೌರದಂಗಡಿಯಲ್ಲಿ ನನಗೆ ಸರದಿ ಬಿಟ್ಟು ಮುಂದೆ ಕೂರಿಸಿದರು. "ಸೋಮವಾರ ಕಂಡುಹಿಡಿದೋರು" ಎಂದು ಒಬ್ಬ ಇನ್ನೊಬ್ಬನಿಗೆ ತೋರಿಸಿದ. ಜಗತ್ತಿನ ಎಲ್ಲ ವೈದ್ಯರೂ ನನಗೆ ಕಾಗದ ಬರೆಯುವುದಷ್ಟೇ ಬಾಕಿ.

ಹೆಂಡತಿ ಮಾತ್ರ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಕೇಳಿದಳು. "ಅಲ್ರೀ, ಸಾವಿಗೆ ವಾರದ ರಜೆ ಕೊಟ್ಟೋರ್ಯಾರು?"

"ನಿನಗೆ ಅದೆಲ್ಲ ತಿಳಿಯಲ್ಲ. ವಿಜ್ಞಾನ."

"ಅಪ್ಪಾ, ನನ್ನ ಮಗು ಸೋಮವಾರ ಬಂದ್ರೆ ಏನ್ಮಾಡ್ತೀಯಾ?" ಎಂದಳು ಮಗಳು. ಆಗ ಅವಳಿಗೆ ಒಂಬತ್ತು ತುಂಬಿತ್ತು. ಹೊಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ಊಟ ಮಾಡುತ್ತಿದ್ದಳು.

"ಬರಲ್ಲ. ನಾನು ಬಿಡಲ್ಲ."

"ಬಸ್ಸಾದ್ರೆ ಡಿಪೋದಲ್ಲೇ ನಿಲ್ಲಿಸ್ಬೋದಪ್ಪ. ಇದು ಹೊರಟಾಯ್ತು."

ಹೀಗೆ ಆ ವಾರ ಶುಕ್ರವಾರದವರೆಗೆ ನನ್ನ ಕೀರ್ತಿ ಏರುತ್ತಲೇ ಹೋಯಿತು. ಶನಿವಾರ ವಿಶೇಷವೇನೂ ನಡೆಯಲಿಲ್ಲ. ಶನಿವಾರದ ವಿಷಯ ಕೇಳಬೇಡಿ. ಭಾನುವಾರ ಸಂಜೆ ನಾನು ಕತ್ತರಿ ತೆಗೆದುಕೊಂಡು ಕ್ಯಾಲೆಂಡರಿನಿಂದ ಸೋಮವಾರವನ್ನು ಕತ್ತರಿಸಿ ಎಸೆದೆ. ಬೀದಿಯವರೆಲ್ಲ ನೋಡಲೆಂದು ಕಿಟಕಿ ತೆರೆದೇ ಕತ್ತರಿಸಿದೆ.

ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ಮಗಳು ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು.

"ಅಮ್ಮಾ, ಕಾಲು ಗಂಟೆಗೊಂದು ಬರ್ತಿದೆ."

"ಏನು ಬಸ್ಸಾ?" ಎಂದೆ ನಾನು.

"ನೋವಪ್ಪ!"

"ಇವತ್ತು ಭಾನುವಾರ ಕಣಮ್ಮ, ಸುಮ್ನೆ ಮಲಗು."

"ಹೊರಗೆ ಕೇಳು. ಎಂಟು ಐದರ ಶಾಲೆ ಬಸ್ಸು ಹೋಯ್ತು. ಭಾನುವಾರ ಅದು ಓಡಲ್ಲ." ಎನ್ನುತ್ತ ಪೆನ್ನು ತೆಗೆದು ಅಂಗೈ ಮೇಲೆ ಏನೋ ಗೀಚಿಕೊಂಡಳು. ಕೆಲಸದ ಚಟ. ಕಾಗದ ಸಿಗದಿದ್ದರೆ ಅಂಗೈಯೇ ಅವಳ ಪುಸ್ತಕ.

ಒಂಬತ್ತು ಹೊಡೆಯಿತು. ನೋವು ಐದು ನಿಮಿಷಕ್ಕೊಂದು ಆಯಿತು. ಹೆಂಡತಿ ಚೀಲ ತಂದು ಬಾಗಿಲಲ್ಲಿಟ್ಟಳು. "ಫೈಲೆಲ್ಲಿ? ಇಲ್ಲೇ ಕಪಾಟಿನ ಮೇಲಿತ್ತಲ್ಲ!"

ಫೈಲು ಇಲ್ಲ. ತಪಾಸಣೆಯ ಫೈಲು, ಕೆಂಪು ಶಾಯಿಯದು, ಇರಬೇಕಾದಲ್ಲಿ ಇಲ್ಲ. ಹೆಂಡತಿ ಹಾಸಿಗೆ ಮಗುಚಿದಳು, ಬಟ್ಟೆಯ ತಾನುಗಳನ್ನು ಬಿಚ್ಚಿ ಹರಡಿದಳು, ಹಿಟ್ಟಿನ ಡಬ್ಬದ ಹಿಂದೆ ಕೈ ಹಾಕಿದಳು. ಇಡೀ ಮನೆ ತಲೆಕೆಳಗಾಯಿತು. ನಾನು ನನ್ನ ಕುರ್ಚಿಯಲ್ಲಿ ಕುಳಿತು, ಒಬ್ಬ ಪರಿಣತನಂತೆ, ಹುಡುಕಾಟದ ಮೇಲ್ವಿಚಾರಣೆ ವಹಿಸಿದೆ.

"ಫೈಲಿಲ್ಲದೆ ಆಸ್ಪತ್ರೆಗೆ ಹೋಗೋ ಹಾಗಿಲ್ಲ. ಇಪ್ಪತ್ತೊಂಬತ್ತು ವರ್ಷ ಆ ಆಸ್ಪತ್ರೇಲಿ ಇದ್ದೋನು ಹೇಳ್ತಿದೀನಿ. ಅಲಮಾರಿನ ಇನ್ನೊಂದ್ಸಲ ನೋಡು."

"ಎದ್ದು ನೀವೂ ಹುಡುಕ್ರೀ!"

"ನನ್ನ ಮಂಡಿ..."

ಮಗಳು ಬಾಗಿಲ ಚೌಕಟ್ಟಿಗೆ ಹಣೆ ಒತ್ತಿಕೊಂಡು ಕಿರುಚಿದಳು. ಮನೆಯ ಪಾತ್ರೆಗಳೆಲ್ಲ ಅದುರಿದವು. ಇದು ಉತ್ಪ್ರೇಕ್ಷೆಯಲ್ಲ. ಹೆಂಡತಿ ಕೈಯಲ್ಲಿದ್ದ ತಾನನ್ನು ನೆಲಕ್ಕೆ ಬಿಸುಟಳು. "ಫೈಲು ಹಾಳಾಗ್ಲಿ, ನಡಿಯೇ!" ಎಂದವಳೇ, ಕೊರಳಲ್ಲಿ ಅಳತೆ ಪಟ್ಟಿ ತೂಗಾಡಿಸಿಕೊಂಡು ಬೀದಿಯ ನಡುವೆ ಹೋಗಿ ಎರಡು ಕೈ ಚಾಚಿ ನಿಂತಳು.

ಆ ಹೊತ್ತಿಗೆ ಬಂದದ್ದು ಎದುರು ಮನೆ ಮೇಷ್ಟ್ರ ಡ್ರೈವಿಂಗ್ ಸ್ಕೂಲಿನ ಕಾರು. ಸ್ಟೀರಿಂಗ್ ಹಿಡಿದಿದ್ದವರು ಮೂರನೇ ದಿನದ ಪಾಠದ ಒಬ್ಬ ನಿವೃತ್ತ ಅಂಚೆ ಮಾಸ್ತರರು. ಅವರು ಕಣ್ಣು ಮುಚ್ಚಿದರು. ಮೇಷ್ಟ್ರು ತಮ್ಮ ಕಡೆಯ ಬ್ರೇಕು ತುಳಿದರು. ಕಾರು ನನ್ನ ಹೆಂಡತಿಯ ಅಳತೆ ಪಟ್ಟಿಗೆ ಎರಡಂಗುಲ ಈಚೆ ನಿಂತಿತು. ಅಂಚೆ ಮಾಸ್ತರರನ್ನು ಫುಟ್‌ಪಾತಿನ ಮೇಲೆ ಇಳಿಸಿ, ಮಗಳನ್ನು ಹತ್ತಿಸಿ, ಮೇಷ್ಟ್ರು ಹೊರಟರು ನೋಡಿ! ಕಾರಿನ ನೆತ್ತಿಯ ಮೇಲೆ "ಕಲಿಯುತ್ತಿದ್ದಾರೆ, ದೂರವಿರಿ" ಎಂಬ ಹಲಗೆ. ಆಂಬುಲೆನ್ಸಿಗೂ ದಾರಿ ಬಿಡದ ಜನ ಆ ಹಲಗೆ ಕಂಡದ್ದೇ ತಡ, ಚರಂಡಿಗೆ ಇಳಿದು ಜಾಗ ಮಾಡಿದರು. ಲಾರಿಗಳು ಹಿಂದಕ್ಕೆ ಸರಿದವು. ಪೊಲೀಸ್ ಪೇದೆ ಸೆಲ್ಯೂಟ್ ಹೊಡೆದ, ಅಥವಾ ಮುಖ ಮುಚ್ಚಿಕೊಂಡ, ನಾನು ಸರಿಯಾಗಿ ನೋಡಲಿಲ್ಲ.

"ಅಪ್ಪಾ, ಮಾತಾಡ್ಬೇಡ" ಎಂದಳು ಮಗಳು ನನ್ನ ಬೆರಳು ಹಿಂಡುತ್ತ. ಆ ಬೆರಳು ಇನ್ನೂ ನೆಟ್ಟಗಾಗಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ನರ್ಸಮ್ಮ ಫೈಲು ಕೇಳಲಿಲ್ಲ. ಹೆಸರು ಕೇಳಿದರು, ಹೊಟ್ಟೆ ಮುಟ್ಟಿದರು, ಒಳಗೆ ಕರೆದುಕೊಂಡು ಹೋದರು. ಇಪ್ಪತ್ತು ನಿಮಿಷಕ್ಕೆ ಮೊಮ್ಮಗಳು ಹುಟ್ಟಿದಳು. ಏಳು ಕೆಜಿ. ಅವಳು ಅತ್ತದ್ದು ಕೇಳಿ ಮೂರನೇ ಮಹಡಿಯ ರೋಗಿಗಳು ಗುಣವಾಗಿ ಮನೆಗೆ ಹೋದರು.

ಆಮೇಲೆ ಒಳಗಿನಿಂದ ಯಾರೋ "ರಕ್ತ ನಿಲ್ತಿಲ್ಲ" ಎಂದದ್ದು ಕೇಳಿಸಿತು.

ಒಬ್ಬರು ಓಡಿದರು, ಇನ್ನೊಬ್ಬರು ಓಡಿಬಂದರು. ಎರಡು ಬಾಟಲಿ ರಕ್ತ ನನ್ನ ಮೂಗಿನ ಮುಂದೆಯೇ ಹಾದುಹೋಯಿತು. ನಾನು ಕಾರಿಡಾರಿನ ಬೆಂಚಿನ ಮೇಲಿದ್ದೆ. ಆ ನೂರ ನಲವತ್ತಮೂರು ಫೈಲುಗಳ ಕೊನೆಯಲ್ಲೂ ಮನೆಯವರ ಹೇಳಿಕೆ ಲಗತ್ತಿಸಿರುತ್ತದೆ. "ನಾವು ಹೊರಗೆ ಕುಳಿತಿದ್ದೆವು, ಯಾರೋ ಬಂದು ಹೇಳಿದರು." "ಮಾವ ಬರಲಿ ಎಂದು ಕಾದೆವು." "ಗಾಡಿ ಸಿಗಲಿಲ್ಲ." "ಇನ್ನೂ ಹೊತ್ತಿದೆ ಅಂದುಕೊಂಡೆವು." ಇವನ್ನೆಲ್ಲ ಫೈಲಿಗೆ ಸೇರಿಸುವಾಗ "ಎಂಥ ದಡ್ಡರಪ್ಪ" ಎಂದು ನಾನು ಎಷ್ಟು ಸಲ ನಕ್ಕಿದ್ದೇನೋ. ಆ ಬೆಂಚಿನ ಮೇಲೆ ನನ್ನ ಬಾಯಿಗೆ ಒಂದೇ ಒಂದು ಬಡಾಯಿಯೂ ಬರಲಿಲ್ಲ. ಮುಕ್ಕಾಲು ಗಂಟೆ.

ಹೆರಿಗೆ ಡಾಕ್ಟರು ಹೊರಗೆ ಬಂದು ಕೈ ಒರೆಸಿಕೊಂಡರು. "ನಿಂತಿದೆ. ಹುಷಾರಾಗ್ತಾಳೆ. ಇದೇ ಮನೇಲೋ ದಾರೀಲೋ ಆಗಿದ್ರೆ ನಮ್ಮ ಕೈಗೆ ಸಿಗ್ತಿರ್ಲಿಲ್ಲ."

ನನ್ನ ಹೆಂಡತಿ ಅಳುತ್ತ ನಕ್ಕಳು. ನಾನು ಎದ್ದು ಕುಣಿದೆ. ಮಂಡಿ ಸಹಿತ.

ಮಾರನೆಯ ದಿನ, ಮಂಗಳವಾರ, ಮಗಳು ದಿಂಬಿಗೊರಗಿ ಕುಳಿತಿದ್ದಳು, ಮುಖ ಬಿಳಿಚಿಕೊಂಡಿದ್ದರೂ ನಾಲಿಗೆ ಚುರುಕಾಗಿಯೇ ಇತ್ತು. ಆಗ ನಮ್ಮ ಡಾಕ್ಟರಮ್ಮ ಹಳದಿ ಹಾಳೆ ಹಿಡಿದು ವಾರ್ಡಿಗೆ ಬಂದರು. ಕೂದಲಲ್ಲಿ ಎರಡೇ ಪೆನ್ಸಿಲ್, ಬೆಳಗಿನ ಹೊತ್ತು.

"ಸತ್ತೋರ ಹಾಳೆ ತುಂಬಿ ಸಾಕಾಯ್ತು" ಎಂದರು. "ಇನ್ನು ಸಾವಿನ ಹತ್ರ ಹೋಗಿ ಬದುಕಿ ಬಂದೋರದ್ದೂ ಬರೀತೀನಿ. ಅವ್ರಾದ್ರೆ ಬಾಯಿಬಿಟ್ಟು ಹೇಳ್ತಾರಲ್ಲ. ನೀನೇ ಮೊದಲನೆಯವಳು ಕಣಮ್ಮ. ಮನೇಲಿ ತಡ ಆಯ್ತಾ?"

"ತಡವೇ!" ನಾನು ಎದೆ ಉಬ್ಬಿಸಿದೆ. "ನೋವು ಅನ್ನೋಷ್ಟರಲ್ಲಿ ನಾನು ಇವಳನ್ನ ಎತ್ಕೊಂಡು ಗಾಳಿ ಹಾಗೆ..."

ಮಗಳು ಅಂಗೈ ತೆರೆದು ತೋರಿಸಿದಳು. ಶಾಯಿ ಅಳಿಸಿರಲಿಲ್ಲ. "ಒಂಬತ್ತು ಹತ್ತಕ್ಕೆ ಹೊರಡೋಣ ಅಂದೆ. ಒಂಬತ್ತು ಐವತ್ತೆಂಟಕ್ಕೆ ಹೊರಟ್ವಿ. ನಲವತ್ತೆಂಟು ನಿಮಿಷ ಲೇಟು. ನನ್ನ ನಿಲ್ದಾಣದಲ್ಲಾಗಿದ್ರೆ ಮೆಮೋ ಕೊಡ್ತಿದ್ದೆ."

"ಫೈಲು ಕಳೆದಿತ್ತು" ಎಂದೆ. "ಯಾರಾದ್ರೂ ಏನ್ಮಾಡೋಕಾಗುತ್ತೆ?"

"ಸಿಕ್ಕಿದೆ" ಎಂದಳು ಹೆಂಡತಿ. ಚೀಲಕ್ಕೆ ಕೈ ಹಾಕಿ ಫೈಲು ತೆಗೆದು ಮಂಚದ ಮೇಲಿಟ್ಟಳು. ಅದರ ಪಕ್ಕದಲ್ಲಿ ನನ್ನ ಕುರ್ಚಿಯ ಮೆತ್ತೆಯನ್ನೂ ಇಟ್ಟಳು. "ನಿನ್ನೆ ಬಟ್ಟೆ ತರೋಕೆ ಮನೆಗೆ ಹೋದಾಗ ಸಿಕ್ತು. ಇದರೊಳಗಿತ್ತು. ಮೆತ್ತೆ ಬಿಚ್ಚಿ, ಫೈಲು ತೂರಿಸಿ, ಮತ್ತೆ ಹೊಲಿದಿದ್ದಾರೆ. ಈ ಹೊಲಿಗೆ ನೋಡಿ ಡಾಕ್ಟರಮ್ಮ. ನಮ್ಮ ಮನೇಲಿ ಇಷ್ಟು ಕೆಟ್ಟದಾಗಿ ಹೊಲಿಯೋ ಕೈ ಒಂದೇ ಇರೋದು."

ಎಲ್ಲರೂ ಹೊಲಿಗೆ ನೋಡಿದರು. ನಾನೂ ನೋಡಿದೆ. ಕಪ್ಪೆ ಹಾರಿದ ಹಾಗಿತ್ತು.

"ಸೋಮವಾರದ ಸಲುವಾಗಿನಾ?" ಡಾಕ್ಟರಮ್ಮ ಪೆನ್ಸಿಲ್ ಕೆಳಗಿಟ್ಟರು. "ಅಲ್ಲ, ಗುಮಾಸ್ತರೇ, ಶನಿವಾರಾನೇ ಹೇಳಿದ್ನಲ್ಲ ನಿಮಗೆ."

"ಶನಿವಾರ?" ತಾಯಿ ಮಗಳು ಒಟ್ಟಿಗೇ ಕೇಳಿದರು.

ಈಗ ಶನಿವಾರದ ವಿಷಯ ಹೇಳಲೇಬೇಕು.

ಆ ದಿನಾಂಕಗಳನ್ನು ನಾನು ಫೈಲು ಬಿಚ್ಚಿ ಬರೆದಿರಲಿಲ್ಲ. ಫೈಲಿನ ಬೆನ್ನಿನ ಮೇಲೆ ದಪ್ಪಗೆ ಒಂದು ತಾರೀಖು ಇರುತ್ತದೆ, ನಾನೇ ಬರೆದದ್ದು. ಅದನ್ನೇ ನೋಡಿ ಇಳಿಸಿದ್ದೆ. ಅದು ಸತ್ತ ದಿನವಲ್ಲ, ಮೇಜಿನ ಮೇಲೆ ಪರೀಕ್ಷೆ ನಡೆದ ದಿನ. ಭಾನುವಾರ ನಮ್ಮ ವಿಭಾಗಕ್ಕೆ ಬೀಗ. ಭಾನುವಾರ ತೀರಿಕೊಂಡವರೆಲ್ಲ ಸೋಮವಾರದವರ ಜೊತೆ ಸೇರಿ ನನ್ನ ಪುಸ್ತಕಕ್ಕೆ ಬರುತ್ತಾರೆ. ಇಪ್ಪತ್ತೊಂಬತ್ತು ವರ್ಷದಿಂದ ಆ ಬೀಗ ಹಾಕುವವನು ನಾನೇ. ಆ ಬೀಗದ ಕೈ ನನ್ನ ಸೊಂಟದಲ್ಲೇ ಇದೆ. ಅದೇ ಹೊಳೆದಿರಲಿಲ್ಲ. ಶನಿವಾರ ಡಾಕ್ಟರಮ್ಮ ಫೈಲುಗಳನ್ನು ಬಿಚ್ಚಿ, ಎರಡನೇ ಪುಟ ತೋರಿಸಿ, "ಏಳೂ ದಿನ ಒಂದೇ ಸಮ ಸಾಯ್ತಾರೆ ಗುಮಾಸ್ತರೇ. ರಕ್ತಸ್ರಾವ, ಏರಿದ ಬಿಪಿ, ನಂಜು, ಅದರ ಮೇಲೆ ತಡ. ಅರ್ಧಕ್ಕರ್ಧ ಹಾಳೇಲಿ ತಡ" ಎಂದಿದ್ದರು.

"ಹಾಗಾದ್ರೆ ಗೊತ್ತಿದ್ದೂ..." ಮಗಳು ಮಗುವನ್ನು ತಾಯಿಯ ಕೈಗೆ ಕೊಟ್ಟು ನನ್ನನ್ನೇ ನೋಡಿದಳು. "ಯಾಕಪ್ಪ?"

"ಬೀದಿಯವರಿಗೆಲ್ಲ ಹೇಳಿಬಿಟ್ಟಿದ್ದೆ ಕಣೇ. ಕ್ಷೌರದಂಗಡೀಲಿ ಸರದಿ ಬಿಟ್ಟುಕೊಟ್ಟಿದ್ರು. ಸೋಮವಾರಾನೇ ನನ್ನ ಮಗಳನ್ನ ಕರ್ಕೊಂಡು ಹೋದ್ರೆ ಏನಂತಾರೆ ಅನ್ನಿಸ್ತು. ಒಂದೇ ದಿನ ತಾನೇ, ಮಂಗಳವಾರದವರೆಗೆ ಹೇಗೋ ತಳ್ಳೋಣ ಅಂದ್ಕೊಂಡೆ. ನೋವು ಇಷ್ಟು ಬೇಗ ಏರುತ್ತೆ ಅಂತ ಗೊತ್ತಿರ್ಲಿಲ್ಲ. ಆಮೇಲೆ ಮೆತ್ತೆಯಿಂದ ತೆಗೆದು ಕೊಟ್ರೆ ಸಿಕ್ಕಿಬೀಳ್ತೀನಿ ಅಂತ... ಅದರ ಮೇಲೇ ಕೂತಿದ್ದೆ."

ಮೊಮ್ಮಗಳು ಒಮ್ಮೆ ಸೀನಿದಳು. ಸಣ್ಣ ಸೀನು, ಯಾವ ರೋಗಿಯೂ ಗುಣವಾಗಲಿಲ್ಲ.

ಡಾಕ್ಟರಮ್ಮ ಹಳದಿ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಪೆನ್ಸಿಲ್ ಕೂಡ ಕೊಟ್ಟರು, ಅದು ನನ್ನದೇ. "ನಿಮ್ಮ ಅಕ್ಷರ ಚೆನ್ನಾಗಿದೆ. ನೀವೇ ಬರೀರಿ."

'ಮನೆಯಲ್ಲಿ ತಡ' ಎಂಬ ಚೌಕದಲ್ಲಿ ನಲವತ್ತೆಂಟು ನಿಮಿಷ ಎಂದು ಬರೆದೆ. ಕಾರಣ ಎಂಬಲ್ಲಿ ಬಹಳ ಹೊತ್ತು ಪೆನ್ಸಿಲ್ ಓಡಲಿಲ್ಲ.

"ಜಾಗ ಸಾಲದಿದ್ರೆ ಹಿಂದಿನ ಪುಟಾನೂ ಇದೆ" ಎಂದಳು ಹೆಂಡತಿ.

ಒಂದೇ ಸಾಲು ಸಾಕಾಯಿತು. 'ತಂದೆಯ ಜಂಬ.' ಮಗಳು ಹಾಳೆ ಕಸಿದುಕೊಂಡು ಓದಿದಳು. ಓದಿ, ನನ್ನ ಆ ಹಳೇ ಬೆರಳನ್ನೇ ಹಿಡಿದು ಮತ್ತೊಮ್ಮೆ ಚೆನ್ನಾಗಿ ಹಿಂಡಿದಳು. ಈ ಸಲ ಅವಳಿಗೆ ನೋವಿರಲಿಲ್ಲ. ನಾನು ಕೂಗಲೂ ಇಲ್ಲ.

"ಇನ್ನೂ ಏನಾದ್ರೂ ಇದ್ಯಾ?" ಎಂದಳು.

ಇದೆ. ಆ ಸೋಮವಾರ ಇತ್ತು. ಬೆಳಗಿನಿಂದ ಸಂಜೆಯವರೆಗೆ ಪೂರ್ತಿ ಇತ್ತು. ಸೂರ್ಯ ನನ್ನನ್ನು ಏನೂ ಕೇಳಲಿಲ್ಲ. ನಾನು ಕಿತ್ತದ್ದು ಅದರಲ್ಲಿ ನಲವತ್ತೆಂಟು ನಿಮಿಷ ಮಾತ್ರ, ಅದೂ ನನ್ನ ಮಗಳ ಪಾಲಿನದ್ದು. ಮತ್ತೆ, ಮೊಮ್ಮಗಳ ತೂಕ ಎರಡು ಕೆಜಿ ಆರುನೂರು. ಏಳಲ್ಲ.